ಚೀಟಿ ಕೊಂಡು ನೆರೆಮನೆಗೆ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ನೆಲೆಸಿದ ಮೇಲೆ ನನ್ನನ್ನು ಬಿಡದೆ ಕಾಡಿದ ಸಂಗತಿಗಳಲ್ಲಿ ಒಂದು ಇದು: ವರ್ಷವಿಡೀ ತಮ್ಮ ತಮ್ಮ ಬೇಲಿಯ ಹಿಂದೆ ಇದ್ದುಬಿಡುವ ಇಲ್ಲಿನ ಜನ, ವಸಂತದ ಒಂದು ವಾರಾಂತ್ಯದಲ್ಲಿ ಅದೇ ಬೇಲಿಯ ಗೇಟನ್ನು ಗುರುತು ಪರಿಚಯ ಇಲ್ಲದವರಿಗೂ ಹಾರುಹೊಡೆದು ತೆರೆದಿಡುತ್ತಾರೆ. ನಾವಿರುವುದು ಶ್ರಾಪ್‌ಶೈರ್‌ನಲ್ಲಿ, ವೇಲ್ಸಿನ ಗಡಿಗೆ ಹತ್ತಿರದ ಒಂದು ಹಳ್ಳಿಯ ಅಂಚಿನಲ್ಲಿ. ಒಂದು ಹಳೆಯ ಚರ್ಚು, ಒಂದು ಪಬ್ಬು, ತಗಡಿನ ಮಾಡಿನ ಸಮುದಾಯ ಭವನ, ಎದುರಿನಿಂದ ಇನ್ನೊಂದು ಕಾರು ಬಂದರೆ ಇಬ್ಬರಲ್ಲಿ ಒಬ್ಬರು ಹಿಂದೆ ಸರಿಯಲೇಬೇಕಾದ ಇಕ್ಕಟ್ಟಿನ ದಾರಿಗಳು, ಇಷ್ಟೇ ಊರು. ಆ ದಾರಿಗಳಲ್ಲಿ ಎದುರಾದವರು ಸ್ಟೀರಿಂಗಿನಿಂದ ಕೈ ತೆಗೆಯದೆ ತೋರುಬೆರಳೊಂದನ್ನು ಮಾತ್ರ ಎತ್ತಿ ಇಳಿಸುತ್ತಾರೆ. ನಮಸ್ಕಾರ, ಕುಶಲ, ವಂದನೆ ಎಲ್ಲವೂ ಆ ಬೆರಳಿನಲ್ಲೇ ಮುಗಿಯುತ್ತದೆ. ಅದರಲ್ಲಿ ಅಹಂಕಾರವಿದೆ ಎಂದು ನನಗೆ ಯಾವತ್ತೂ ಅನಿಸಿಲ್ಲ. ಕರೆಯದೆ ಇನ್ನೊಬ್ಬರ ಮನೆಯ ಬಾಗಿಲು ತಟ್ಟುವುದು ತೊಂದರೆ ಕೊಟ್ಟಂತೆ ಎಂದು ನಂಬಿ ಬೆಳೆದವರು ಇವರು. ಅಂಥವರು ಮೇ ತಿಂಗಳು ಹತ್ತಿರವಾದಂತೆ ತಿರುವುಗಳಲ್ಲಿ ಬಾಣದ ಗುರುತಿನ ಫಲಕಗಳನ್ನು ನೆಡುತ್ತಾರೆ, ಊರಿನ ನಕಾಶೆ ಬರೆದು ಯಾವ ಯಾವ ಮನೆಯ ಕೈತೋಟ ತೆರೆದಿದೆ ಎಂದು ಅಂಕೆ ಹಾಕುತ್ತಾರೆ, ಸಮುದಾಯ ಭವನದ ಬಾಗಿಲಲ್ಲಿ ಮೇಜು ಹಾಕಿ ಕುಳಿತು ತಲೆಗಿಷ್ಟು ಪೌಂಡು ಎಂದು ಹಣ ಪಡೆದು ಚೀಟಿ ಕೊಡುತ್ತಾರೆ.

"ಪಕ್ಕದ ಮನೆಯ ಹೂವು ನೋಡುವುದಕ್ಕೆ ದುಡ್ಡು ಕೊಡಬೇಕೆ?" ಎಂದು ಅಮ್ಮ ಕೇಳಿದಳು. ಮಲೆನಾಡಿನ ಸಾಗರದ ಕಡೆಯ ಹಳ್ಳಿಯಿಂದ ಅವಳು ನಮ್ಮಲ್ಲಿಗೆ ಬಂದಿದ್ದು ಅದೇ ಹೊತ್ತಿಗೆ. ಲಾಲ್‌ಬಾಗಿನ ಗಾಜಿನ ಮನೆಗೆ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ನೋಡಲು ನಾವು ಟಿಕೆಟ್ ಕೊಳ್ಳುವುದಿಲ್ಲವೆ ಎಂದು ನಾನು ವಾದಿಸಿದೆ. ಅದು ಸರ್ಕಾರದ ತೋಟ, ಇದು ನೆರೆಮನೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡ ಎಂದಳು. ಅವಳ ವಾದ ಸರಿಯಾಗಿಯೇ ಇತ್ತು. ನೆರೆಯವರು ನೆರೆಯವರಿಂದ ಬಾಗಿಲಲ್ಲಿ ಹಣ ಎಣಿಸಿಕೊಳ್ಳುವ ಈ ಪದ್ಧತಿ ಜನರನ್ನು ಹತ್ತಿರ ತರುತ್ತದೆಯೋ, ಅಥವಾ ಹತ್ತಿರವಾಗಬೇಕಾದವರ ನಡುವೆ ಒಂದು ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ತಂದಿಡುತ್ತದೆಯೋ ಎಂಬುದನ್ನು ನಾನು ಆ ಮೇಲೆ ಬಹಳ ಸಲ ಯೋಚಿಸಿದ್ದೇನೆ.

ಒಂದು ಶಿಲಿಂಗಿನ ಹಿಂದೆ

ಈ ಚೀಟಿಗೆ ಒಂದು ವಂಶಾವಳಿ ಇದೆ. ಲಿವರ್‌ಪೂಲಿನ ವರ್ತಕ ವಿಲಿಯಂ ರ‍್ಯಾತ್‌ಬೋನ್ ಎಂಬುವರು 1859ರಲ್ಲಿ, ಸಾವಿನ ಹಾಸಿಗೆಯಲ್ಲಿದ್ದ ತಮ್ಮ ಹೆಂಡತಿಯನ್ನು ನೋಡಿಕೊಂಡಿದ್ದ ಮೇರಿ ರಾಬಿನ್ಸನ್ ಎಂಬ ದಾದಿಯನ್ನು ಆ ಬಳಿಕ ಊರಿನ ಬಡವರ ಮನೆಗಳಿಗೆ ಹೋಗಿ ಆರೈಕೆ ಮಾಡುವ ಕೆಲಸಕ್ಕೆ ನೇಮಿಸಿಕೊಂಡರು. ತನ್ನ ಮನೆಯಲ್ಲಿ ಎಲ್ಲ ಅನುಕೂಲವಿದ್ದೂ ಕಾಯಿಲೆ ಇಷ್ಟು ಯಾತನೆ ಕೊಡುವುದಾದರೆ ಏನೂ ಇಲ್ಲದವರ ಮನೆಯಲ್ಲಿ ಹೇಗಿರಬೇಕು ಎಂಬ ಚಿಂತೆಯಿಂದ ಹುಟ್ಟಿದ ಏರ್ಪಾಡು ಅದು. ಮನೆಮನೆಗೆ ಹೋಗುವ ದಾದಿಯರ ಆ ಸೇವೆ ಮುಂದೆ ದೇಶವಿಡೀ ಹರಡಿತು, ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ 50 ವರ್ಷ ತುಂಬಿದ 1887ರಲ್ಲಿ ಅದಕ್ಕೊಂದು ಸಂಸ್ಥೆಯ ರೂಪವೂ ಬಂತು. ಸರ್ಕಾರಿ ಆರೋಗ್ಯ ಸೇವೆ ಇಲ್ಲದ ಕಾಲವಾದ್ದರಿಂದ ದಾದಿಯರ ಸಂಬಳವನ್ನು ಚಂದಾ ಎತ್ತಿಯೇ ಹೊಂದಿಸಬೇಕಿತ್ತು. ಆ ಸಂಸ್ಥೆಯ ಸಮಿತಿಯಲ್ಲಿದ್ದ ಎಲ್ಸಿ ವ್ಯಾಗ್ ಎಂಬ ಮಹಿಳೆ ಸೂಚಿಸಿದ ಉಪಾಯವೇ ಈ ತೆರೆದ ಕೈತೋಟಗಳದ್ದು: ದೊಡ್ಡ ಮನೆಗಳವರು ತಮ್ಮ ತೋಟಗಳನ್ನು ಜನರಿಗೆ ತೆರೆಯಲಿ, ತಲೆಗೆ ಒಂದು ಶಿಲಿಂಗ್ ಪಡೆಯಲಿ, ಬಂದದ್ದು ದಾದಿಯರಿಗೆ ಹೋಗಲಿ. 1927ರ ಆ ಮೊದಲ ವರ್ಷ 609 ತೋಟಗಳು ತೆರೆದವು, 8,191 ಪೌಂಡು ಕೂಡಿತು. ಪೌಂಡಿಗೆ 20 ಶಿಲಿಂಗಿನ ಕಾಲ ಅದು. ಎಲ್ಲವೂ ಚೀಟಿಯ ಹಣವೇ ಎಂದು ಹಿಡಿದರೆ 1,60,000ಕ್ಕೂ ಹೆಚ್ಚು ಜನ ಇನ್ನೊಬ್ಬರ ತೋಟದೊಳಗೆ ಕಾಲಿಟ್ಟರು ಎಂದಾಯಿತು. ಅರಸನ ಸ್ಯಾಂಡ್ರಿಂಗಮ್ ಮನೆಯ ತೋಟ ಕೂಡ ಆ ಪಟ್ಟಿಯಲ್ಲಿತ್ತು.

ನನಗೆ ಇದರಲ್ಲಿ ಸೋಜಿಗ ಎನಿಸುವುದು ಹಣಕ್ಕಿಂತ ಆ ಕಾಲಿಟ್ಟ ಸಂಗತಿ. ಎತ್ತರದ ಗೋಡೆಯ ಆಚೆಗೆ ಏನಿದೆ ಎಂದು ಜೀವಮಾನವಿಡೀ ಕಾಣದೆ ಆ ಗೋಡೆಯ ಪಕ್ಕದಲ್ಲೇ ನಡೆದು ಕೆಲಸಕ್ಕೆ ಹೋಗುತ್ತಿದ್ದವರು ಒಂದು ಶಿಲಿಂಗ್ ಕೊಟ್ಟು ಒಳಗೆ ಹೋಗಿ, ದಣಿಗಳ ಗುಲಾಬಿಗೆ ಹುಳು ಹಿಡಿದಿದೆ ಎಂದು ತಮ್ಮತಮ್ಮಲ್ಲೇ ಆಡಿಕೊಳ್ಳುವುದು ಸಣ್ಣ ವಿಷಯವೇನಲ್ಲ. 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಬಂದು ದಾದಿಯರ ಹೊಣೆಯನ್ನು ಸರ್ಕಾರವೇ ಹೊತ್ತಿತು. ಆಗ ಈ ಏರ್ಪಾಡು ನಿಂತೇಹೋಗಬಹುದಿತ್ತು. ನಿಲ್ಲಲಿಲ್ಲ. ಹಣ ನಿವೃತ್ತ ದಾದಿಯರಿಗೆ ಹೋಯಿತು, ಈಗ ಕ್ಯಾನ್ಸರ್ ರೋಗಿಗಳ ಆರೈಕೆಗೆ, ಸಾವಿನಂಚಿನಲ್ಲಿರುವವರನ್ನು ನೋಡಿಕೊಳ್ಳುವ ಹಾಸ್ಪಿಸ್‌ಗಳಿಗೆ ಹೋಗುತ್ತಿದೆ. ತೋಟಗಳ ಸಂಖ್ಯೆ 3,500ರ ಆಸುಪಾಸಿಗೆ ಏರಿದೆ, ಅವುಗಳ ಪಟ್ಟಿಯಿರುವ ಹಳದಿ ರಟ್ಟಿನ ಪುಸ್ತಕವನ್ನು ಜನ 'ಯೆಲ್ಲೋ ಬುಕ್' ಎಂದೇ ಕರೆಯುತ್ತಾರೆ. ಆ ಪಟ್ಟಿಗೆ ಸೇರಬೇಕಾದರೆ ಜಿಲ್ಲೆಯ ಸ್ವಯಂಸೇವಕರು ಬಂದು ತೋಟ ನೋಡಿ ಒಪ್ಪಬೇಕು. ಮುಕ್ಕಾಲು ಗಂಟೆ ನೋಡುವಷ್ಟು ಸರಕು ಇರಬೇಕು ಎಂಬುದು ಹಳೆಯ ಅಳತೆಗೋಲು. ಹಾಗಾಗಿ ಸಣ್ಣ ಕೈತೋಟದವರು ಊರಿಗೆ ಊರೇ ಒಟ್ಟಾಗಿ ತೆರೆಯುತ್ತಾರೆ. ಇದರ ಹೊರಗೂ ಎಷ್ಟೋ ಹಳ್ಳಿಗಳು ಚರ್ಚಿನ ಮಾಡು ಸೋರುತ್ತದೆ, ಭವನದ ಅಡುಗೆಮನೆ ಹಳೆಯದಾಯಿತು ಎಂದು ತಮ್ಮಷ್ಟಕ್ಕೆ ತಾವೇ ಇಂಥ ದಿನಗಳನ್ನು ನಡೆಸುತ್ತವೆ. ನಮ್ಮ ಊರಿನದು ಆ ಎರಡನೆಯ ಜಾತಿಯದು.

ಹೋದ ವಾರ ಬರಬೇಕಿತ್ತು

ಇಲ್ಲಿ ವಸಂತ ಒಂದೇ ಸಲ ಬರುವುದಿಲ್ಲ. ಫೆಬ್ರುವರಿಯಲ್ಲಿ ಚರ್ಚಿನ ಸಮಾಧಿಗಳ ನಡುವೆ ಸ್ನೋಡ್ರಾಪ್ ಏಳುತ್ತದೆ, ಮಾರ್ಚಿನಲ್ಲಿ ಡ್ಯಾಫಡಿಲ್ ರಸ್ತೆಯ ಅಂಚನ್ನು ಹಿಡಿಯುತ್ತದೆ, ಏಪ್ರಿಲಿನಲ್ಲಿ ಈ ಜಿಲ್ಲೆಯ ಬೇಲಿಗಳಲ್ಲೆಲ್ಲ ಡ್ಯಾಮ್ಸನ್ ಮರಗಳು ಎಲೆಗಿಂತ ಮೊದಲೇ ಬೆಳ್ಳಗೆ ಹೂಬಿಡುತ್ತವೆ, ಅದರ ಬೆನ್ನಿಗೆ ಸೇಬಿನ ತೋಟಗಳು, ಕಾಡಿನ ನೆಲದ ತುಂಬ ಬ್ಲೂಬೆಲ್. ಆದರೆ ಊರಿನ ತೋಟಗಳನ್ನು ತೆರೆಯುವ ದಿನವನ್ನು ಚಳಿಗಾಲದಲ್ಲೇ ಗೊತ್ತುಮಾಡಿ ಅಚ್ಚು ಹಾಕಿಸಿಬಿಟ್ಟಿರುತ್ತಾರೆ, ಗಿಡಗಳಿಗೆ ಅದು ಗೊತ್ತಿರುವುದಿಲ್ಲ. ಒಂದು ವರ್ಷ ಟ್ಯುಲಿಪ್ ಮುಗಿದು ಆಲಿಯಂ ಇನ್ನೂ ಮೊಗ್ಗಾಗಿರುತ್ತದೆ, ಇನ್ನೊಂದು ವರ್ಷ ಮೇ ತಿಂಗಳ ಹಿಮ ಬಿದ್ದು ಮ್ಯಾಗ್ನೋಲಿಯಾ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅದರಿಂದಾಗಿ ಹೆಚ್ಚು ಕಡಿಮೆ ಪ್ರತಿ ಗೇಟಿನಲ್ಲೂ ಕೇಳುವ ಮಾತು ಒಂದೇ: ನೀವು ಹೋದ ವಾರ ಬಂದಿದ್ದರೆ ನೋಡಬೇಕಿತ್ತು. ಅಮ್ಮನಿಗೆ ನಾನು ಈ ಮಾತನ್ನು ಕನ್ನಡದಲ್ಲಿ ಹೇಳಿದಾಗ ಅವಳು ನಕ್ಕುಬಿಟ್ಟಳು. ಮಳೆಗಾಲದಲ್ಲಿ ಡೇರೆ ಹೂವು ನೋಡಲು ನೆಂಟರು ಬಂದಾಗ ಅವಳು ಆಡುವುದೂ ಇದೇ ಮಾತು.

ಆ ದಿನ ನಾವು ಹೊಕ್ಕ ಮೊದಲ ತೋಟ ಹಿಂದೆ ಪಾದ್ರಿಗಳ ಮನೆಯಾಗಿದ್ದದ್ದು, ಈಗ ಬೇರೆಯವರದು. ಎರಡಾಳೆತ್ತರದ ರೋಡೋಡೆಂಡ್ರಾನ್‌ಗಳು ಕೆಂಪಾಗಿ ಹೂಬಿಟ್ಟಿದ್ದವು. ಇಂಗ್ಲಿಷರ ತೋಟದ ಗುರುತೇ ಆಗಿಹೋಗಿರುವ ಈ ಗಿಡದ ಎಷ್ಟೋ ಜಾತಿಗಳು 1850ರ ಸುಮಾರಿಗೆ ಸಸ್ಯವಿಜ್ಞಾನಿ ಜೋಸೆಫ್ ಹುಕರ್ ಸಿಕ್ಕಿಂನಿಂದ ಲಂಡನ್ನಿನ ಕ್ಯೂ ಸಸ್ಯತೋಟಕ್ಕೆ ಕಳಿಸಿದ ಬೀಜದಿಂದ ಹರಡಿದವು. ಹೋದ ದಾರಿಯಲ್ಲಿ ಬಂದದ್ದೂ ಉಂಟು, ಲಾಲ್‌ಬಾಗನ್ನು ಬೆಳೆಸಿದ ಜಾನ್ ಕ್ಯಾಮರಾನ್ ಮತ್ತು ಕೃಂಬಿಗಲ್ ಇಬ್ಬರೂ ಕ್ಯೂ ತೋಟದಲ್ಲಿ ಪಳಗಿದವರು. ಅಮ್ಮ ಇದಾವುದಕ್ಕೂ ಕಿವಿಗೊಡಲಿಲ್ಲ. ಅವಳ ಕಣ್ಣು ಅಡುಗೆಮನೆಯ ಮೆಟ್ಟಿಲ ಪಕ್ಕದ ಕುಂಡದಲ್ಲಿದ್ದ ಪರಿಮಳದ ಎಲೆಯ ಜಿರೇನಿಯಂ ಮೇಲೆ ಬಿದ್ದಿತ್ತು. ಎಲೆಯನ್ನು ಬೆರಳಲ್ಲಿ ತಿಕ್ಕಿ ಮೂಸಿದಳು, ನನಗೂ ಮೂಸಿಸಿದಳು, ನಿಂಬೆಯ ವಾಸನೆ. ಆಮೇಲೆ ಅತ್ತಿತ್ತ ನೋಡಿ ಒಂದು ಟಿಸಿಲನ್ನು ಹೆಬ್ಬೆರಳಿನ ಉಗುರಿನಿಂದ ಚಿವುಟಲು ಹೊರಟವಳನ್ನು ತಡೆಯುವಷ್ಟರಲ್ಲಿ ಮನೆಯೊಡತಿಯೇ ಮೆಟ್ಟಿಲಿಳಿದು ಬಂದರು. ಬೇರೆಯವರ ತೋಟದಲ್ಲಿ ಕಡ್ಡಿ ಚಿವುಟುವುದು ಇಲ್ಲಿ ದೊಡ್ಡ ಅಪರಾಧವೆಂದೇ ಲೆಕ್ಕ. ಆಕೆ ಮಾತ್ರ ಏನೂ ಅನ್ನದೆ ಏಪ್ರನ್ನಿನ ಜೇಬಿನಿಂದ ಕತ್ತರಿ ತೆಗೆದು, ಗೆಣ್ಣಿನ ಕೆಳಗೆ ಸರಿಯಾಗಿ ಕತ್ತರಿಸಿ, ಕೆಳಗಿನ ಎಲೆಗಳನ್ನು ಕಿತ್ತು, ಒದ್ದೆ ಕಾಗದದಲ್ಲಿ ಸುತ್ತಿ ಅಮ್ಮನ ಕೈಗಿಟ್ಟರು. ನಾನು ಥ್ಯಾಂಕ್ಸ್ ಹೇಳಲು ಬಾಯಿ ತೆರೆದರೆ ಆಕೆ ಬೆರಳು ತುಟಿಗಿಟ್ಟು ತಡೆದರು. ಕೊಟ್ಟ ಗಿಡಕ್ಕೆ ಕೃತಜ್ಞತೆ ಹೇಳಿದರೆ ಅದು ಬದುಕುವುದಿಲ್ಲವಂತೆ, ಅದು ಇಲ್ಲಿನ ಹಳೆಯ ನಂಬಿಕೆ. ಕದ್ದು ತಂದ ಗಿಡ ಚೆನ್ನಾಗಿ ಹತ್ತುತ್ತದೆ ಎಂಬ ನಮ್ಮ ನಂಬಿಕೆಯನ್ನು ನಾನು ಆಕೆಗೆ ಹೇಳಿದೆ. ಅದೂ ನಮ್ಮಲ್ಲಿದೆ, ಆದರೆ ಇವತ್ತು ನೂರಾರು ಜನ ಬರುತ್ತಾರೆ, ದಯವಿಟ್ಟು ಯಾರಿಗೂ ನೆನಪಿಸಬೇಡಿ ಎಂದರು. ಭಾಷೆ ಬಾರದ ಅಮ್ಮನೂ ಆಕೆಯೂ ಆಮೇಲೆ ಬಹಳ ಹೊತ್ತು ಕುಂಡದಿಂದ ಕುಂಡಕ್ಕೆ ಹೋಗುತ್ತ, ಒಬ್ಬರು ಮಣ್ಣನ್ನು ಒತ್ತಿ ನೋಡಿ ತಲೆಯಾಡಿಸಿದರೆ ಇನ್ನೊಬ್ಬರು ಎಲೆಯನ್ನು ಮಗುಚಿ ತೋರಿಸುತ್ತ ಕಳೆದರು. ಸಸ್ಯಗಳನ್ನು ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಒಯ್ಯುವಂತಿಲ್ಲವಾದ್ದರಿಂದ ಆ ಕಡ್ಡಿ ಈಗಲೂ ನಮ್ಮ ಕಿಟಕಿಯ ಕಟ್ಟೆಯ ಮೇಲೆ, ಮೂರು ಕುಂಡಗಳಾಗಿ, ಇದೆ.

ಆದರೆ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿರುವುದು ಊರಿನ ಇನ್ನೊಂದು ತುದಿಯ ತೋಟ. ಎರಡನೆಯ ಮಹಾಯುದ್ಧದ ನಂತರ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಬಾಡಿಗೆಗೆಂದು ಕಟ್ಟಿಸಿದ ಒಂದೇ ಅಚ್ಚಿನ ಮನೆಗಳ ಸಾಲು ಅದು. ಮನೆ ಚಿಕ್ಕದಾದರೂ ತರಕಾರಿ ಬೆಳೆದುಕೊಳ್ಳಲಿ ಎಂದು ಹಿಂದೆ ಉದ್ದನೆಯ ಜಾಗ ಬಿಟ್ಟಿದ್ದಾರೆ. ಅಲ್ಲಿರುವ ಹಿರಿಯರೊಬ್ಬರು ಜೀವಮಾನವಿಡೀ ಪಕ್ಕದ ಫಾರ್ಮಿನಲ್ಲಿ ದುಡಿದವರು, ನನಗೆ ಅವರ ಬೆರಳಿನ ಪರಿಚಯ ಮಾತ್ರ ಇತ್ತು. ಅವರ ಹಿತ್ತಿಲಲ್ಲಿ ಹುರುಳಿಕಾಯಿಯ ಬಳ್ಳಿಗೆ ಹೇಝಲ್ ಕೋಲುಗಳನ್ನು ನೆಟ್ಟು ಸಿದ್ಧಮಾಡಿದ್ದರು, ಅದರಾಚೆ ಗೋಡೆಗೆ ಆನಿಸಿ ಕಪ್ಪು ಬಣ್ಣ ಬಳಿದ ಮೆಟ್ಟಿಲು ಮೆಟ್ಟಿಲಾದ ಹಲಗೆಗಳು, ಮೇಲೊಂದು ಚಿಕ್ಕ ಮಾಡು. ಹಲಗೆಯ ಮೇಲೆ ಅಂಗೈಯಗಲದ ಮಣ್ಣಿನ ಕುಂಡಗಳಲ್ಲಿ ಆರಿಕ್ಯುಲಾ. ಆಲ್ಪ್ಸ್ ಪರ್ವತದ ಮೂಲದ ಈ ಪ್ರಿಮುಲಾ ಜಾತಿಯ ಹೂವನ್ನು ಹಿಂದೆ ಲ್ಯಾಂಕಾಶೈರಿನ ನೇಕಾರರು ಮಗ್ಗದ ಪಕ್ಕದಲ್ಲೇ ಬೆಳೆಸಿ ಪಂದ್ಯ ಹೂಡುತ್ತಿದ್ದರು. ಹೂವಿನ ನಡುವೆ ಬಿಳಿಯ ಒಂದು ವರ್ತುಲ, ಅದರ ಸುತ್ತ ಕಪ್ಪಿಗೆ ಹತ್ತಿರದ ಕೆಂಪು, ಅಂಚಿನಲ್ಲಿ ಹಸಿರು ಅಥವಾ ಬೂದು. ಎಲೆಗಳ ಮೇಲೆಲ್ಲ ರಂಗೋಲಿಗೆ ಬೀಸಿದ ಅಕ್ಕಿಹಿಟ್ಟಿನಂಥ ಪುಡಿ. ಮಳೆಯ ಹನಿಯೊಂದು ಬಿದ್ದರೂ ಆ ಪುಡಿ ತೊಳೆದುಹೋಗುತ್ತದೆ, ಮಾಡು ಇರುವುದು ಅದಕ್ಕೇ. ಅವರು ಎಲೆಯನ್ನು ಮುಟ್ಟದೆ ಕುಂಡದ ಅಂಚು ಹಿಡಿದು ಒಂದೊಂದನ್ನೇ ಕೆಳಗಿಳಿಸಿ, ಯಾವುದಕ್ಕೆ ಯಾವ ತಳಿಯ ಪರಾಗ ಹಾಕಿದ್ದು, ಯಾವುದು ಯಾವ ಚಳಿಗಾಲದಲ್ಲಿ ಬೇರುಹುಳಕ್ಕೆ ತುತ್ತಾಗಿ ಉಳಿದದ್ದು ಎಂದು ಹೇಳುತ್ತ ಹೋದರು. ನಾನು ಒಂದು ಪ್ರಶ್ನೆ ಕೇಳಿದರೆ ಅವರು ಮೂರಕ್ಕೆ ಉತ್ತರ ಕೊಡುತ್ತಿದ್ದರು. ಹೆಂಡತಿ ತೀರಿಕೊಂಡ ವಿಷಯ ಆ ಉತ್ತರಗಳ ನಡುವೆಯೇ ಬಂದು ಹೋಯಿತು, ಒಂದು ಬೂದಂಚಿನ ಹೂವು ಆಕೆಗೆ ಇಷ್ಟವಿರಲಿಲ್ಲ ಎಂಬ ಮಾತಿನ ಜೊತೆಗೆ.

ಮರುವಾರ ದಾರಿಯಲ್ಲಿ ಸಿಕ್ಕಾಗ ಅವರು ಎಂದಿನಂತೆ ಒಂದು ಬೆರಳನ್ನು ಎತ್ತಿ ಇಳಿಸಿದರು. ಮೊದಲು ನನಗೆ ನಿರಾಸೆಯಾಯಿತು. ಚೀಟಿಯ ವಿಷಯದಲ್ಲಿ ಏನಾದರೂ ಹೊಳೆದಿದ್ದರೆ ಅದು ಆ ನಿರಾಸೆಯನ್ನು ಕೆದಕಿದಾಗಲೇ. ಚೀಟಿಯ ಆರು ಪೌಂಡು ಆ ತೋಟದ ಬೆಲೆಯಲ್ಲ, ಭವನದಲ್ಲಿ ಸಿಗುವ ಕೇಕಿನ ಬೆಲೆಯೂ ಅಲ್ಲ. ಸಂಕೋಚದ ಜನರು ಇನ್ನೊಬ್ಬರ ಹಿತ್ತಿಲಿಗೆ ಹೋಗಿ ನಿಲ್ಲಲು ಒಂದು ನೆಪ ಬೇಕು, ನಿಂತವರೊಡನೆ ಮಾತಾಡಲು ಮನೆಯವರಿಗೂ ಒಂದು ನೆಪ ಬೇಕು. ಬಂದವರು ಮೂಗು ತೂರಿಸಲು ಬಂದವರಲ್ಲ, ಚರ್ಚಿನ ಮಾಡಿಗೆ ಹಣ ಕೊಟ್ಟವರು. ತೋರಿಸುವವರು ಜಂಬ ಕೊಚ್ಚುತ್ತಿಲ್ಲ, ಅದೇ ಮಾಡಿಗಾಗಿ ಶ್ರಮಪಡುತ್ತಿದ್ದಾರೆ. ಇಬ್ಬರಿಗೂ ಮುಖ ಉಳಿಯುತ್ತದೆ. ಸಂಜೆ ಐದಕ್ಕೆ ಗೇಟು ಮುಚ್ಚಿದ ಮೇಲೆ ಯಾರೂ ಯಾರಿಗೂ ಏನೂ ಬಾಕಿ ಇಟ್ಟುಕೊಂಡಿರುವುದಿಲ್ಲ. ಆ ಲೆಕ್ಕ ಚುಕ್ತಾ ಆಗುವುದೇ ಇವರಿಗೆ ಸಮಾಧಾನ, ನಮಗೆ ಕಸಿವಿಸಿ.

ನಮ್ಮ ಅಂಗಳ

ಮಲೆನಾಡಿನ ನನ್ನ ಊರಿನಲ್ಲಿ ಹೂವಿನ ಗಿಡಗಳು ಹಿತ್ತಿಲಲ್ಲಿ ಅಡಗಿರುವುದಿಲ್ಲ, ಮನೆಯ ಎದುರಿಗೇ, ಹೋಗಿ ಬರುವವರ ಕಣ್ಣಿಗೆ ಬೀಳುವಂತೆ ಇರುತ್ತವೆ. ಮುಂಗಾರಿಗೆ ಮೊದಲು ಡೇರೆ ಗೆಡ್ಡೆಗಳನ್ನು ನೆಟ್ಟು, ಮಳೆಗೆ ಮುರಿಯದಂತೆ ಕೋಲು ಕೊಟ್ಟು ಕಟ್ಟಿ, ಆಷಾಢ ಶ್ರಾವಣಗಳಲ್ಲಿ ತಟ್ಟೆಯಗಲದ ಹೂವು ಬಿಡಿಸುವ ಹೆಂಗಸರು ಪ್ರತಿ ಕೇರಿಯಲ್ಲೂ ಇದ್ದಾರೆ. ಇಂಗ್ಲೆಂಡಿನಲ್ಲೂ ಅದೇ ಡೇಲಿಯಾ ಹಿಮದ ಭಯ ಕಳೆದ ಮೇಲೆ ನೆಲ ಸೇರಿ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ ಅರಳುತ್ತದೆ. ಗೆಡ್ಡೆ ಅಕ್ಕನಿಂದ ತಂಗಿಗೆ, ತವರಿನಿಂದ ಗಂಡನ ಮನೆಗೆ, ಮದುವೆಯ ಊಟಕ್ಕೆ ಹೋದ ಊರಿನಿಂದ ನಮ್ಮೂರಿಗೆ ಬರುತ್ತಿತ್ತು. ದಣಪೆ ದಾಟಿ ಬಂದವರಿಗೆ ಚೀಟಿ ಇಲ್ಲ, ಹೊತ್ತು ಗೊತ್ತಿಲ್ಲ. ಅಡಿಕೆ ಸುಲಿಯುವ ರಾತ್ರಿಗಳಲ್ಲಂತೂ ಅರ್ಧ ಊರು ಒಂದೇ ಅಂಗಳದಲ್ಲಿ ಮೆಟ್ಟುಗತ್ತಿ ಹಿಡಿದು ಕುಳಿತಿರುತ್ತಿತ್ತು. ಅಮ್ಮನ ಪ್ರಶ್ನೆ ಬಂದದ್ದು ಈ ಅಂಗಳದಿಂದ.

ಆದರೆ ಆ ಅಂಗಳ ನಿಜಕ್ಕೂ ಎಲ್ಲರಿಗೂ ತೆರೆದಿತ್ತೆ? ಯಾರು ಅಂಗಳದಲ್ಲೇ ನಿಲ್ಲಬೇಕು, ಯಾರು ಜಗುಲಿ ಹತ್ತಬಹುದು, ಯಾರು ನಡುಮನೆಗೆ ಬರಬಹುದು ಎಂಬುದು ಹುಟ್ಟಿದ ಮನೆಯಿಂದಲೇ ತೀರ್ಮಾನವಾಗಿರುತ್ತಿತ್ತು, ಯಾರೂ ಅದನ್ನು ಬರೆದು ತೂಗುಹಾಕಿರಲಿಲ್ಲ ಅಷ್ಟೆ. ನಮ್ಮ ಡೇರೆ ಗಿಡಗಳಿಗೆ ಕೊಟ್ಟಿಗೆಯ ಗೊಬ್ಬರ ಹೊತ್ತು ತರುತ್ತಿದ್ದ ಹೆಂಗಸಿಗೆ ನಮ್ಮ ಮನೆಯಿಂದಲೂ ಗೆಡ್ಡೆ ಹೋಗುತ್ತಿತ್ತು, ಆಕೆಯ ಮನೆಯೆದುರು ಅರಳುತ್ತಲೂ ಇತ್ತು. ಅದು ಹೋಗುತ್ತಿದ್ದದ್ದು ಕೊಟ್ಟಿಗೆಯ ಕಡೆಯಿಂದ, ಕೈಯಿಂದ ಕೈಗಲ್ಲದೆ ನೆಲದ ಮೇಲಿಟ್ಟು. ಆಕೆಯ ಡೇರೆ ನಮ್ಮದಕ್ಕಿಂತ ದೊಡ್ಡದಾಗಿ ಬಿಡುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು, ಅದನ್ನು ನೋಡಲು ಆ ಕೇರಿಗೆ ಹೋದವರು ನಮ್ಮಲ್ಲಿ ಯಾರೂ ಇರಲಿಲ್ಲ. ಈಗ ಇದೆಲ್ಲ ಸಾಕಷ್ಟು ಸಡಿಲಾಗಿದೆ ನಿಜ. ಆದರೂ ನಾನು ಆ ಅಂಗಳವನ್ನು ಈ ಗೇಟಿನ ಎದುರು ಹಿಡಿದು ನಮ್ಮದೇ ಮೇಲು ಎಂದು ಹೇಳಲು ಹೊರಟಾಗಲೆಲ್ಲ ಆ ಗೆಡ್ಡೆಗಳು ಅಡ್ಡ ಬರುತ್ತವೆ. ಚೀಟಿಗೆ ಜಾತಿಯಿಲ್ಲ. ಮೈಬಣ್ಣ, ಉಚ್ಚಾರ, ಊರಿಗೆ ಬಂದು ಎಷ್ಟು ತಲೆಮಾರಾಯಿತು ಎಂಬುದನ್ನು ಕೇಳದೆ ಅದು ನನ್ನನ್ನು ಪಾದ್ರಿಮನೆಯ ಅಡುಗೆಕೋಣೆಯ ಮೆಟ್ಟಿಲವರೆಗೆ ಬಿಟ್ಟಿತು. ತಣ್ಣಗಿನ ವ್ಯವಹಾರವೊಂದು ಬೆಚ್ಚಗಿನ ಸಂಬಂಧಕ್ಕಿಂತ ನ್ಯಾಯವಾಗಿರಬಲ್ಲದು ಎಂಬುದು ನನಗೆ ಹಿತವಾದ ವಿಚಾರವೇನಲ್ಲ, ಆದರೆ ತಳ್ಳಿಹಾಕಲು ಆಗುತ್ತಿಲ್ಲ.

ಹಾಗೆಂದು ಇಲ್ಲಿ ಕಾಣದ ಗೇಟುಗಳಿಲ್ಲ ಎಂದಲ್ಲ. ನಕಾಶೆಯಲ್ಲಿ ಅಂಕೆ ಸಿಗಬೇಕಾದರೆ ಮೊದಲು ಈ ಊರಿನಲ್ಲಿ ಮನೆ ಇರಬೇಕು. 1980ರ ಕಾಯ್ದೆಯ ನಂತರ ಕೌನ್ಸಿಲ್ ಮನೆಗಳನ್ನು ಬಾಡಿಗೆದಾರರಿಗೇ ಮಾರಲಾಯಿತು, ಅವು ಕೈಯಿಂದ ಕೈಗೆ ದಾಟಿ ಈಗ ಫಾರ್ಮಿನಲ್ಲಿ ದುಡಿಯುವ ಹುಡುಗನೊಬ್ಬ ಕನಸಿನಲ್ಲೂ ಕೊಳ್ಳಲಾಗದ ಬೆಲೆಗೆ ಏರಿವೆ. ಹುಡುಗರು ಪಟ್ಟಣ ಸೇರುತ್ತಾರೆ, ನಿವೃತ್ತರು ಊರಿಗೆ ಬರುತ್ತಾರೆ. ಹಾಗಾಗಿ ಭವನದ ಅಡುಗೆಮನೆಯಲ್ಲಿ ನಿಂಬೆಯ ಕೇಕು, ವಾಲ್ನಟ್ ಕೇಕು, ವಿಕ್ಟೋರಿಯಾ ಸ್ಪಂಜುಗಳಿಗೆ ಯಾವುದರಲ್ಲಿ ಮೊಟ್ಟೆ, ಯಾವುದರಲ್ಲಿ ಗೋಡಂಬಿ ಜಾತಿಯ ಬೀಜ ಇದೆ ಎಂದು ಚೀಟಿ ಅಂಟಿಸುತ್ತ ನಿಂತಿರುವವರಲ್ಲಿ ಎಪ್ಪತ್ತು ದಾಟದವರು ಅಪರೂಪ. ಕೊಳದ ಪಕ್ಕ 'ನೀರು ಆಳವಿದೆ' ಎಂಬ ಫಲಕ, ವಿಮೆ, ಗದ್ದೆಯೊಂದರಲ್ಲಿ ಕಾರು ನಿಲ್ಲಿಸಲು ಹಳದಿ ಅಂಗಿ ತೊಟ್ಟು ನಿಲ್ಲುವವರು, ಇವೆಲ್ಲಕ್ಕೂ ಆಳು ಬೇಕು. ಮಾರಲೆಂದು ಮನೆಮನೆಯಲ್ಲೂ ಬಿತ್ತಿ ಬೆಳೆಸಿದ ಸಸಿಗಳ ಮೇಜಿನ ಹಿಂದೆ ನಿಲ್ಲಲು ಕಳೆದ ಸಲ ಯಾರೂ ಸಿಗದೆ ಒಂದು ಡಬ್ಬಿ ಇಟ್ಟು ಹಣ ಅದರಲ್ಲಿ ಹಾಕಿ ಎಂದು ಬರೆದಿಟ್ಟಿದ್ದರು. ಸಂಜೆ ಎಣಿಸಿದಾಗ ಲೆಕ್ಕಕ್ಕಿಂತ ಹೆಚ್ಚೇ ಇತ್ತೆಂದು ಕೇಳಿದೆ.

ಶರತ್ಕಾಲದ ಸಭೆಯಲ್ಲಿ, ಇನ್ನು ಮುಂದೆ ಎರಡು ವರ್ಷಕ್ಕೊಮ್ಮೆ ತೆರೆಯೋಣವೆಂದು ತೀರ್ಮಾನವಾಯಿತು. ತೆರೆಯುವವರ ಪೈಕಿ ಒಬ್ಬರು ತೀರಿಕೊಂಡಿದ್ದರು, ಇನ್ನೊಬ್ಬರು ಮಗಳ ಊರಿಗೆ ಹೋಗಿದ್ದರು, ನಕಾಶೆಯಲ್ಲಿ ಅಂಕೆಗಳು ಕಡಿಮೆಯಾಗಿದ್ದವು. ಸಮಿತಿಯ ಹೆಂಗಸೊಬ್ಬರು ನಮ್ಮ ಮನೆಗೆ ಬಂದು, ಮೊದಲೇ ಫೋನು ಮಾಡಿಯೇ ಬಂದು, ನಿಮ್ಮ ಹಿತ್ತಿಲನ್ನೂ ಸೇರಿಸಿಕೊಳ್ಳಬಹುದೆ ಎಂದು ಕೇಳಿದರು. ನಮ್ಮಲ್ಲಿರುವುದು ಎರಡು ಪಾತಿ ಬ್ರಾಡ್ ಬೀನ್ಸ್, ಒಂದಷ್ಟು ಮೆಂತ್ಯ ಕೊತ್ತಂಬರಿ, ಹೊರಗಿಟ್ಟರೆ ಸಾಯುವ ಕರಿಬೇವಿನ ಕುಂಡ, ಮತ್ತು ಮೇ ತಿಂಗಳಿನಲ್ಲಿ ಮಣ್ಣಿನ ಮೇಲೆ ಏನೂ ಕಾಣಿಸದ ಡೇರೆ ಎಂದು ಹೇಳಿದೆ. ಅವರು ಬೀನ್ಸ್ ಪಾತಿಯ ಉದ್ದವನ್ನು ಹೆಜ್ಜೆ ಹಾಕಿ ಅಳೆದರು, ಗಾಲಿಕುರ್ಚಿ ಒಳಗೆ ಬರಲು ಗೇಟು ಸಾಲುತ್ತದೆಯೇ ಎಂದು ನೋಡಿದರು, ಕರಿಬೇವಿನ ಎಲೆ ಮುರಿದು ಮೂಸಿದರು. ಚಹಾ ಕುಡಿಯುತ್ತ ತಮ್ಮ ಪುಸ್ತಕದಲ್ಲಿ ನಮ್ಮ ಮನೆಗೆ ಒಂಬತ್ತು ಎಂದು ಅಂಕೆ ಬರೆದುಕೊಂಡರು, ಮತ್ತು ಶನಿವಾರ ಮಧ್ಯಾಹ್ನ ಕಾರು ನಿಲ್ಲಿಸುವ ಗದ್ದೆಯಲ್ಲಿ ಎರಡು ಗಂಟೆ ನಿಲ್ಲಲು ಸಾಧ್ಯವೇ ಎಂದು ವಿಚಾರಿಸಿದರು.